ಸೊಂಟನೋವು ಕಟ್ಟಿಕೊಂಡು ಗ್ಲಾಸ್ಗೋಗೆ

ಹುಬ್ಬಳ್ಳಿಯ ವಿದ್ಯಾನಗರ, ಹೊರಡುವ ದಿನ

ಅಂದು ನಳ ಬರುವ ದಿನವಾಗಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಡ್ರಮ್ಮು, ಹಂಡೆ, ಕೊಡ ಎಲ್ಲ ತುಂಬಿಸಿದೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿದೆ. ನಮ್ಮ ಮನೆಯವರಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿ ಮುಚ್ಚಿಟ್ಟೆ. ಹೆಪ್ಪಿನ ಬಟ್ಟಲನ್ನು ಪಕ್ಕದ ಮನೆಯ ಗಿರಿಜವ್ವನಿಗೆ ಕೊಟ್ಟು, ದಿನಾ ಹಾಲಿಗೆ ಹಾಕಿ ಕೆಡದಂತೆ ನೋಡಿಕೋ ಎಂದು ಹೇಳಿ ಬಂದೆ. ಖಡಕ್ ರೊಟ್ಟಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಸ್ಟೀಲಿನ ಡಬ್ಬಿಗೆ ಇಳಿಸಿದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬೇರೆ ಬೇರೆ ಕಟ್ಟಿದೆ. ಒಗೆದ ಅರಿವೆ ಒಣಹಾಕಿದೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡೆ. ಗ್ಯಾಸ್ ಬಂದ್ ಆಗಿದೆಯೇ ಎಂದು ಎರಡು ಸಲ ನೋಡಿದೆ. ಆಮೇಲೆ ವಿದೇಶಕ್ಕೆ ಹೊರಟೆ.

ಅಲ್ಲಿಯವರೆಗೆ ನಾನು ಕಂಡ ದೂರದ ಊರೆಂದರೆ ಕಾಶಿ. ಅದೂ ಬೀಗರ ಗುಂಪಿನ ಜೊತೆ, ಎಲ್ಲರ ಚಪ್ಪಲಿ ಕಾಯುತ್ತ. ಅಂಥವಳನ್ನು ಬ್ರಿಟನ್ನಿನ ಉತ್ತರದ ಊರು ಗ್ಲಾಸ್ಗೋದವರೆಗೆ ಕರೆದೊಯ್ದದ್ದು ನನ್ನ ಸೊಂಟ. ನಮ್ಮ ಮನೆಯವರು ಹತ್ತಿ ವ್ಯಾಪಾರದವರು, ಮಾತು ತೂಗಿಯೇ ಆಡುವುದು. ಚೀಲವನ್ನು ಆಟೋದಲ್ಲಿ ಇಡುತ್ತ ಅಂದರು, "ಸೊಂಟ ನೋಯ್ತೈತಿ ಅಂತ ನಮ್ಮ ಅಕ್ಕನ ಮಗನ ಲಗ್ನಕ್ಕ ಬೆಳಗಾವಿಗೆ ಬರಲಿಲ್ಲ ನೀ. ಈಗ ಅದ ಸೊಂಟಾ ತೊಗೊಂಡು ಸಮುದ್ರಾ ದಾಟಾಕ ಹೊಂಟಿ. ನಮ್ಮ ಅಕ್ಕಗ ಏನ ಹೇಳಲಿ?"

ಏನಾದರೂ ಹೇಳ್ರಿ ಎಂದೆ. ಹೇಳಬೇಕಾದ ಕಥೆ ಉದ್ದವಿತ್ತು, ಆಟೋದವನು ಮೀಟರ್ ಹಾಕಿಯಾಗಿತ್ತು.

ಆ ಕಥೆ ಇಷ್ಟು. ಸವಿತಾ ಬೈರಿದೇವರಕೊಪ್ಪದ ಹುಡುಗಿ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಿಕೆ ಓದಿದವಳು. ಆ ಕೆಲಸ ಮಾಡಿಕೊಂಡೇ ಇದ್ದರೆ ಇಷ್ಟೊತ್ತಿಗೆ ಕಾರು ಕೊಂಡಿರುತ್ತಿದ್ದಳು. ಅದನ್ನು ಬಿಟ್ಟು ನಮ್ಮ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಮೇಲೆ ಹತ್ತುವ ಜಿನ್ನದ, ಅಂದರೆ ಮೆಟ್ಟಿಲಿನ, ಕೆಳಗಿನ ಒಂದು ಕೋಣೆ ಕೇಳಿ ಪಡೆದು "ನೋವಿನ ಓಪಿಡಿ" ತೆರೆದಳು. ಎಕ್ಸ್‌ರೇದಲ್ಲಿ ಏನೂ ಇಲ್ಲ, ರಕ್ತದಲ್ಲಿ ಏನೂ ಇಲ್ಲ, ಆದರೂ ವರ್ಷಗಟ್ಟಲೆ ನೋಯುತ್ತಲೇ ಇರುವವರು ಅಲ್ಲಿಗೆ ಬರುತ್ತಿದ್ದರು. ಹೆಂಗಸರೇ ಹೆಚ್ಚು. ನಾನೂ ಹೋದೆ.

ಬೇರೆ ಡಾಕ್ಟರು ನನಗೆ ಒಂದರಿಂದ ಹತ್ತರೊಳಗೆ ನೋವೆಷ್ಟು ಎಂದು ಕೇಳಿದ್ದರು. ನನಗೆ ಉತ್ತರ ತಿಳಿಯದೆ, ನೀವೇ ನೋಡಿ ಒಂದು ಹಾಕಿಕೊಳ್ರಿ ಎಂದಿದ್ದೆ. ಸವಿತಾ ಅಂಕಿ ಕೇಳಲಿಲ್ಲ. ಚಿಕ್ಕಮ್ಮನಿಗೆ ಅನ್ನುವ ಹಾಗೆ ಕಾಕು ಎಂದೇ ನನ್ನನ್ನು ಕರೆದಳು. "ಕಾಕು, ಇವತ್ತ ರೊಟ್ಟಿ ಕುಂತು ಬಡದ್ರ್ಯೋ, ನಿಂತು ಬಡದ್ರ್ಯೋ?" ಎಂದು ಕೇಳಿದಳು. ನೆಲಕ್ಕೆ ಕೂತು ಬಡಿದೆನೋ, ಮಣೆ ಹಾಕಿಕೊಂಡೆನೋ, ಕಟ್ಟೆಯ ಮುಂದೆ ನಿಂತೆನೋ, ಕಡೆಗೆ ಅಂಗಡಿಯಿಂದ ತರಿಸಿದೆನೋ. ಅದು ಗೊತ್ತಾದರೆ ನನ್ನ ಸೊಂಟದ ಹಣೆಬರಹ ಅವಳಿಗೆ ಗೊತ್ತಾಗುತ್ತಿತ್ತು. ನಮ್ಮ ಕಡೆಯ ಹೆಂಗಸರ ನೋವನ್ನು ಹೀಗೆ ಕೆಲಸದ ಮೇಲೆ ಅಳೆಯುವ ಒಂದು ಪದ್ಧತಿ ಕಟ್ಟಬೇಕು, ಅದನ್ನು ಹಿಡಿದು ಉಪಚಾರ ಮಾಡಬೇಕು ಎನ್ನುವುದು ಅವಳ ಸಂಶೋಧನೆ.

ಆದರೆ ಆಸ್ಪತ್ರೆಯಲ್ಲಿ ಅವಳದು ತಾತ್ಕಾಲಿಕ ಹುದ್ದೆ. ಅದು ಆ ತಿಂಗಳ ಕಡೆಗೆ ಮುಗಿಯುವುದಿತ್ತು. ಹೊರಗಿನಿಂದ ಹಣ ತಂದರೆ ಓಪಿಡಿ ಉಳಿಯುತ್ತದೆ, ಇಲ್ಲವಾದರೆ ಅವಳು ಆಪರೇಷನ್ ಥಿಯೇಟರಿಗೆ ವಾಪಸು, ಜಿನ್ನದ ಕೆಳಗಿನ ಕೋಣೆಯಲ್ಲಿ ಸಲೈನ್ ಬಾಟಲಿಯ ಪೆಟ್ಟಿಗೆಗಳು. ಹೊಸಬರಿಗೆ ಯಾರು ಹಣ ಕೊಡುತ್ತಾರೆ? ಹೆಸರಿರುವವರ ಹತ್ತಿರವೇ ಹಣ ಹೋಗುತ್ತದೆ, ಹಣವಿಲ್ಲದೆ ಹೆಸರು ಆಗುವುದಿಲ್ಲ. ಗ್ಲಾಸ್ಗೋದ ಒಂದು ಸಂಸ್ಥೆ ಮಾತ್ರ ಹೊಸಬರಿಗೇ ಎಂದು ಹಣ ಇಟ್ಟಿತ್ತು. ಅವರದೊಂದು ಕಟ್ಟಳೆ. ಅರ್ಜಿ ಹಾಕಿದವರು ತಾವೇ ಅವರ ಸಭೆಗೆ ಬಂದು ವಿಷಯ ಹೇಳಬೇಕು, ಜೊತೆಗೆ ಆ ನೋವಿರುವ ಒಬ್ಬರನ್ನು ಕರೆತರಬೇಕು. ಹೋಗಿಬರುವ ಖರ್ಚು ಅವರದೇ. ಸವಿತಾ ನನ್ನನ್ನು ಕೇಳಿದಳು. ನಾನು ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಓದಿದವಳು. ಇಂಗ್ಲಿಷ್ ಅಷ್ಟಿಷ್ಟು ತಿಳಿಯುತ್ತದೆ, ನಿಧಾನ ಮಾಡಿದರೆ ಆಡಲೂ ಬರುತ್ತದೆ.

ಮುಂಬಯಿ

ವಿಮಾನ ನಿಲ್ದಾಣದ ಬಾಗಿಲ ಚೌಕಟ್ಟಿನಲ್ಲಿ ನಾನು ದಾಟಿದ ಕೂಡಲೇ ಅದು ಕೂಗಿಕೊಂಡಿತು. ಬಳೆ ತೆಗೆದೆ, ಮತ್ತೆ ಕೂಗಿತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ತೆಗೆಯುವ ಮಾತೇ ಇರಲಿಲ್ಲ. ಅದರೊಳಗೆ ನನ್ನ ಲಿಂಗ. ಮಹಿಳಾ ಪೊಲೀಸೊಬ್ಬಳು ಪರದೆಯ ಹಿಂದೆ ಕರೆದೊಯ್ದಳು. ಕರಡಿಗೆಯನ್ನು ಕಂಡು ಕೈ ಮುಗಿದು ಬಿಟ್ಟಳು. ಕೂಗುತ್ತಿದ್ದುದು ಸೊಂಟದ ಪಟ್ಟಿಯೊಳಗಿನ ಉಕ್ಕಿನ ಪಟ್ಟಿಗಳು.

ಅದನ್ನು ಮುಟ್ಟಿ ನೋಡಿ ಅವಳು, ನಮ್ಮ ಆಯಿಯ ಹತ್ತಿರವೂ ಇಂಥದೇ ಇದೆ, ಆದರೆ ಕಟ್ಟಿಕೊಳ್ಳುವುದೇ ಇಲ್ಲ ಎಂದು ಮರಾಠಿಯಲ್ಲಿ ಹೇಳಿದಳು. ಹೊರಗೆ ನಿಂತವಳು ಡಾಕ್ಟರು ಎಂದು ನಾನು ಬಾಯಿ ಬಿಟ್ಟದ್ದೇ ತಪ್ಪಾಯಿತು. ಸವಿತಾಳನ್ನೂ ಪರದೆಯೊಳಗೆ ಕರೆದಳು. ಆಯಿ ಕೂತಾಗ ನೋವೋ, ಎದ್ದಾಗ ನೋವೋ, ಭಾಕ್ರಿ ಯಾರು ಬಡಿಯುತ್ತಾರೆ ಎಂದೆಲ್ಲ ವಿಚಾರಣೆ ನಡೆಯಿತು. ಹೊರಗೆ ಸರದಿ ಬೆಳೆಯುತ್ತಿತ್ತು. ಸವಿತಾ ಅವಸರ ಮಾಡಲಿಲ್ಲ. ಸೊಂಟದ ಪಟ್ಟಿ ದಿನವಿಡೀ ಕಟ್ಟಬಾರದು, ಪ್ರಯಾಣಕ್ಕೆ ಸಾಕು, ಆಯಿಗೆ ನಡಿಗೆ ಹಚ್ಚಿಸು ಎಂದು ನಿಂತೇ ಹೇಳಿದಳು. ಪೊಲೀಸಮ್ಮ ನಮ್ಮನ್ನು ಸಾಲಿನ ಮುಂದಕ್ಕೆ ಬಿಟ್ಟು, ಚೀಲವನ್ನು ತಾನೇ ಎತ್ತಿಕೊಟ್ಟಳು.

ವಿಮಾನದಲ್ಲಿ ಕೂತಿದ್ದನ್ನು ಬರೆಯುವುದಿಲ್ಲ. ಕೂತೆ, ಅಷ್ಟೇ. ಸವಿತಾ ನಡುನಡುವೆ ನನ್ನನ್ನು ಎಬ್ಬಿಸಿ ಆ ಸಣ್ಣ ಓಣಿಯಲ್ಲಿ ತಿರುಗಾಡಿಸಿದಳು. ಅವಳು ಮಾತ್ರ ಕಣ್ಣು ಮುಚ್ಚಲಿಲ್ಲ. ಹೇಳಬೇಕಾದ್ದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಮಾರ್ಗರೆಟ್ಟಳ ಮನೆ

ಗ್ಲಾಸ್ಗೋದಲ್ಲಿ ನಮ್ಮನ್ನು ಇಳಿಸಿದ್ದು ಮಾರ್ಗರೆಟ್ ಎಂಬ ಹೆಂಗಸಿನ ಮನೆಯಲ್ಲಿ. ಮಹಡಿಯ ಕೋಣೆಗಳನ್ನು ಬಂದವರಿಗೆ ಕೊಡುತ್ತಾಳೆ, ಕೆಳಗೆ ತಾನಿರುತ್ತಾಳೆ. ನಮ್ಮ ರಾಯಾಪುರದ ಗೋದಾಮಿನ ಹಾಗೆ ಕೆಂಪು ಕಲ್ಲಿನ ದೊಡ್ಡ ಮನೆ, ಆದರೆ ಒಳಗೆ ಕಾಲಿಟ್ಟರೆ ಎಲ್ಲೆಡೆ ಮೆತ್ತನೆಯ ಜಮಖಾನೆ. ಚಪ್ಪಲಿ ಹೊಸ್ತಿಲ ಹೊರಗೆ ಬಿಟ್ಟೆ. ಮಳೆ ಜಿನುಗುತ್ತಿದ್ದುದರಿಂದ ಅವಳು ಅದನ್ನು ಎತ್ತಿ ಒಳಗೆ ತಂದು ಒರೆಸಿ ಇಟ್ಟಳು. ನಾನು ಮತ್ತೆ ಹೊರಗಿಟ್ಟೆ. ಅವಳು ಮತ್ತೆ ಒಳಗೆ ತಂದಳು. ನಾವು ಇದ್ದಷ್ಟು ದಿನ ಆ ಚಪ್ಪಲಿ ಹೀಗೆ ಒಳಗೆ ಹೊರಗೆ ತಿರುಗಾಡಿತು.

ಮುಖ್ಯ ತೊಂದರೆಯಾದದ್ದು ಸ್ನಾನದ್ದು. ಅಲ್ಲಿ ಬಕೀಟು, ತಂಬಿಗೆ ಇಲ್ಲ. ದನಕ್ಕೆ ನೀರು ಕುಡಿಸುವ ಬಾನಿಯಂಥ ಉದ್ದನೆಯ ತೊಟ್ಟಿ. ಒಂದು ನಳದಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜಿನಂಥ ನೀರು, ಎರಡಕ್ಕೂ ಮಾತುಕತೆ ಇಲ್ಲ. ಹೇಗೋ ಒಂದು ಕಾಲು ಎತ್ತಿ ಒಳಗಿಟ್ಟೆ, ಕೂತೆ, ಏಳಲಾಗಲಿಲ್ಲ. ಕೂಗಿದೆ. ಸವಿತಾ ಓಡಿ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದಳು. ಎತ್ತುತ್ತ ನಗುತ್ತಿದ್ದಳು. ಸೊಂಟನೋವು ಅಳೆಯಲು ಈ ದೇಶದವರು ಮಾಡಿದ ಪ್ರಶ್ನೆಗಳಲ್ಲಿ "ಸ್ನಾನದ ತೊಟ್ಟಿಯಿಂದ ಏಳಲು ಕಷ್ಟವಾಗುತ್ತದೆಯೇ" ಎಂದು ಒಂದು ಪ್ರಶ್ನೆಯಿತ್ತಂತೆ. ಹುಬ್ಬಳ್ಳಿಯಲ್ಲಿ ಅದನ್ನು ಕೇಳಿದಾಗಲೆಲ್ಲ ಹೆಂಗಸರು ಇಲ್ಲ ಎನ್ನುತ್ತಿದ್ದರು. ತೊಟ್ಟಿಯೇ ಇಲ್ಲದ ಮೇಲೆ ಕಷ್ಟವೆಲ್ಲಿಂದ ಬರಬೇಕು?

"ಆ ಪ್ರಶ್ನೆಗೆ ಹೌದು ಅಂದ ನಮ್ಮ ಊರಿನ ಮೊದಲನೇ ಪೇಶಂಟ್ ನೀವ ನೋಡ್ರಿ ಕಾಕು," ಎಂದಳು.

ಮಾರನೆಯ ಬೆಳಿಗ್ಗೆ ಮಾರ್ಗರೆಟ್ ಎಲ್ಲಿಂದಲೋ ಹೊಸ ಬಕೀಟು ತಂದಿಟ್ಟಿದ್ದಳು. ತಂಬಿಗೆಗೆ ಬದಲು ಹಿಡಿಕೆಯ ಒಂದು ದೊಡ್ಡ ಪಿಂಗಾಣಿ ಲೋಟ. ನನ್ನ ಹಣೆಯ ವಿಭೂತಿ ನೋಡಿ, ತಮ್ಮ ಚರ್ಚಿನಲ್ಲೂ ವರ್ಷಕ್ಕೊಮ್ಮೆ ಬೂದಿ ಹಚ್ಚುತ್ತಾರೆ, ನೀವು ದಿನಾ ಹಚ್ಚುತ್ತೀರಾ ಎಂದು ಕೇಳಿದಳು. ದಿನಾ ಎಂದೆ. ಒಳ್ಳೆಯದು, ನೆನಪಿರುತ್ತದೆ ಎಂದಳು. ಒಂದು ದಿನ ಎಲ್ಲರೂ ಮಣ್ಣಾಗುವುದೇ, ಅದು ಇಬ್ಬರಿಗೂ ಗೊತ್ತಿತ್ತು.

ಚಹಾದ ದಿನ

ಸಭೆಯ ಹಿಂದಿನ ದಿನ ಎಲ್ಲರಿಗೂ ಚಹಾಕ್ಕೆ ಕರೆದಿದ್ದರು. ಹಳೆಯ ಚರ್ಚೊಂದರ ಹಜಾರ. ಒಳಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಕೆಲವರು ಕುರ್ಚಿಯಲ್ಲಿದ್ದರು. ಕೆಲವರು ಎತ್ತರದ ಮೇಜಿಗೆ ಮೊಣಕೈ ಊರಿ ನಿಂತಿದ್ದರು. ಇನ್ನು ನಾಲ್ಕಾರು ಜನ, ಗಂಡಸರು ಹೆಂಗಸರು, ಒಳ್ಳೆಯ ಅಂಗಿ ತೊಟ್ಟವರು, ನೆಲದ ಮೇಲೆ ಚಾಪೆಯಂಥದು ಹಾಸಿಕೊಂಡು ಮಲಗಿದ್ದರು. ಮಲಗಿಕೊಂಡೇ ಮಾತಾಡುತ್ತಿದ್ದರು. ಯಾರೂ ಯಾರನ್ನೂ ನೋಡಿ ಗಡಬಡಿಸಿ ಏಳುತ್ತಿರಲಿಲ್ಲ. ಗೋಡೆಗೆ ಒಂದು ಹಲಗೆ: ಕೂತುಕೊಳ್ಳಿರಿ, ನಿಲ್ಲಿರಿ, ಮಲಗಿರಿ, ಇಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಮನೆಗಳಲ್ಲಿ ಹೇಗೆ ಎಂದು ಓದುವವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಒಂದಿಷ್ಟು ಅಡ್ಡಾಗಿರುತ್ತೇವೆ, ಗೇಟಿನ ಸಪ್ಪಳವಾದ ಕೂಡಲೇ ಎದ್ದು ಸೆರಗು ಸರಿ ಮಾಡಿಕೊಂಡು, ಮಲಗಿಯೇ ಇರಲಿಲ್ಲ ಎಂಬ ಮುಖದಲ್ಲಿ ಬಾಗಿಲು ತೆಗೆಯುತ್ತೇವೆ. ಇಲ್ಲಿ ನೋಡಿದರೆ ಸಂಸ್ಥೆಯ ಅಧ್ಯಕ್ಷಿಣಿಯೇ ನೆಲದ ಮೇಲೆ. ಅವಳ ಹೆಸರು ಹೆಲೆನ್. ಮೊದಲು ಸಾಲಿ ಮಕ್ಕಳ ಬಸ್ಸು ನಡೆಸುತ್ತಿದ್ದಳಂತೆ. ಒಂದು ಅಪಘಾತ, ಎಲುಬು ಕೂಡಿತು, ನೋವು ಹೋಗಲಿಲ್ಲ. ಅಂಥವರೇ ಕೆಲವರು ಕೂಡಿ, ಕಾಸಿಗೆ ಕಾಸು ಸೇರಿಸಿ ಈ ಸಂಸ್ಥೆ ಕಟ್ಟಿದ್ದು. ಹಣ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಅರ್ಧ ಪ್ರೊಫೆಸರುಗಳು, ಅರ್ಧ ನೋವಿನವರು. ದೊಡ್ಡ ಪ್ರೊಫೆಸರುಗಳಿಗೆ ಬೇರೆ ಕಡೆ ಸಿಗುತ್ತದೆ, ಹೊಸಬರು ಮೊದಲ ಕೆಲವು ವರ್ಷ ಕೈಬಿಟ್ಟರೆ ಹೃದಯದ ಕಡೆ, ಕ್ಯಾನ್ಸರಿನ ಕಡೆ ಹೋಗಿಬಿಡುತ್ತಾರೆ, ಆಮೇಲೆ ನಮ್ಮನ್ನು ಕೇಳುವವರು ಯಾರು ಎಂದು ಹೆಲೆನ್ ವಿವರಿಸಿದಳು.

ನನಗೆ ನಮ್ಮ ಮನೆಯವರ ಮಾರ್ಕೆಟ್ಟು ನೆನಪಾಯಿತು. ಅವರು ಹೊಸದಾಗಿ ಹತ್ತಿಗೆ ಇಳಿದಾಗ ದೊಡ್ಡ ಅಡತಿಯವರೊಬ್ಬರು ಒಂದು ಸುಗ್ಗಿ ಪೂರ್ತಿ ತಮ್ಮ ಅಂಗಡಿಯ ಕಟ್ಟೆ ಬಿಟ್ಟುಕೊಟ್ಟಿದ್ದರು. ನಮ್ಮ ಮಠದ ಪ್ರಸಾದ ನಿಲಯವೂ ನೆನಪಾಯಿತು. ಎಷ್ಟು ಹುಡುಗರು ಅಲ್ಲಿ ಉಂಡು ಓದಿದರು. ಮುಂದೆ ಏನಾಗುತ್ತೀ ಎಂದು ತಿಳಿಯದೆಯೇ ಅನ್ನ ಹಾಕುವುದು. ಇಲ್ಲಿಯೂ ಅದೇ, ಆದರೆ ಒಂದು ಹೆಚ್ಚು. ನೀಡುವವರೇ ನೋಯುವವರು.

ಹೆಲೆನ್ ಮಲಗಿದಲ್ಲಿಂದಲೇ ನನ್ನ ಕೈ ಹಿಡಿದು, ಇಷ್ಟು ದೂರ ಬಂದಿರಿ, ಸೊಂಟ ಹೇಗಿದೆ ಎಂದು ಕೇಳಿದಳು. ನಾನು ಆರಾಮ ಎಂದೆ. ಪ್ರಯಾಣದಲ್ಲಿ ತೊಂದರೆಯಾಗಲಿಲ್ಲವೇ ಎಂದಳು. ಏನೇನೂ ಇಲ್ಲ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಸವಿತಾಳಿಗೆ ಒಳ್ಳೆಯದಾಗಲಿ ಎಂದು, ಈ ಹುಡುಗಿಯ ಕೈಗುಣ ಅಂಥದು, ನನಗೆ ಈಗ ನೋವೇ ಇಲ್ಲ ಎಂದೂ ಸೇರಿಸಿದೆ. ಹೇಳುವಾಗ ಬಲಗಾಲು ತೊಡೆಯಿಂದ ಹಿಮ್ಮಡದವರೆಗೆ ಉರಿಯುತ್ತಿತ್ತು. ಹೆಲೆನ್ ನನ್ನ ಮುಖವನ್ನೇ ನೋಡಿ, ಸರಿ ಎಂದಳು.

ಮನೆಗೆ ಬಂದ ಮೇಲೆ ಸವಿತಾ ತನ್ನ ಕಾಗದಗಳನ್ನು ಬದಿಗಿಟ್ಟು ಮಂಚದ ತುದಿಗೆ ಕೂತಳು. ಆಮೇಲೆ ತಿಳಿಯಿತು. ಅಲ್ಲಿಯವರದು ಒಂದು ಪದ್ಧತಿ: ಸಮಿತಿಯವರು ಸಭೆಯ ಹೊರಗೆ ಏನಾದರೂ ಕೇಳಿಸಿಕೊಂಡರೆ ಅದನ್ನು ಮೊದಲೇ ಅರ್ಜಿದಾರರಿಗೆ ಹೇಳಿಬಿಡಬೇಕು. ನಾಳೆ ಎದುರಿಗೆ ಕೂಡಿಸಿ ಒಮ್ಮೆಲೇ ಕೆಡವಬಾರದು ಎಂದು. ಹೆಲೆನ್ ಹೊರಡುವಾಗ ಅವಳಿಗೆ ಹೇಳಿದ್ದಳು, ನಿಮ್ಮ ಜೊತೆಯವರು ತಮಗೆ ನೋವೇ ಇಲ್ಲ ಎಂದರು, ನಾಳೆ ನಾನು ಇದನ್ನು ಕೇಳಲೇಬೇಕಾಗುತ್ತದೆ.

"ನೋವ ಇಲ್ಲ ಅಂದ್ರ್ಯಂತ ಕಾಕು?"

"ಮತ್ತೇನ ಅನ್ನಬೇಕಾಗಿತ್ತವಾ? ಇಷ್ಟು ದೂರ ಕರಿಸ್ಯಾರ, ಚಹಾ ಕೊಟ್ಟಾರ. ಮಂದಿ ಮನ್ಯಾಗ ಕುಂತು ನನಗ ಅಲ್ಲೆ ನೋಯ್ತೈತಿ, ಇಲ್ಲೆ ನೋಯ್ತೈತಿ ಅನ್ನಲ್ಯಾ? ನಿನ್ನ ಹೊಗಳಿದ್ಯಾ ನಾ."

"ಹೊಗಳಿದ್ರಿ ಖರೇ. ನೋವಿಲ್ಲದವರನ್ನ ಯಾಕ ಕರಕೊಂಡ ಬಂದಿ ಅಂತ ನಾಳೆ ಕೇಳಿದ್ರ ನಾ ಏನ ಹೇಳಲಿ? ನನ್ನ ಅಳತಿ ಸುಳ್ಳು ಅಂದಂಗಾತು."

ಅವಳು ಓದಿದ್ದು, ಬಿಟ್ಟದ್ದು, ಜಿನ್ನದ ಕೆಳಗಿನ ಕೋಣೆ ಎಲ್ಲ ನನ್ನ ಒಂದು ಮಾತಿಗೆ ಸಿಕ್ಕಿಕೊಂಡಿತ್ತು. ಹಾಗಾದರೆ ನಾಳೆ ನೀನೇ ಹೇಳಿಬಿಡು, ಈಕೆ ಭಿಡೆಗೆ ಹಾಗೆ ಅಂದಳು ಎಂದು, ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಇಲ್ರಿ. ನಿಮ್ಮ ಮಾತಿಗೆ ನಾ ಅರ್ಥ ಹಚ್ಚಂಗಿಲ್ಲ. ಪೇಶಂಟ್ ಹೇಳಿದ್ದ ಬ್ಯಾರೆ, ಖರೇ ಇರೂದು ಬ್ಯಾರೆ ಅಂತ ಎಲ್ಲಾ ಡಾಕ್ಟರೂ ಇಷ್ಟು ದಿನಾ ಅಂದಾರ. ನಾನೂ ಅದನ್ನ ಅಂದ್ರ ನನಗೂ ಅವರಿಗೂ ಏನ ಫರಕ?"

ಆ ಮಾತನ್ನು ಕೇಳಿ ನನಗೆ ಇನ್ನೂ ಬೇಸರವಾಯಿತು, ಅವಳ ಬಗ್ಗೆ ಹೆಮ್ಮೆಯೂ ಆಯಿತು. ಕುರ್ಚಿಯಲ್ಲಿ ಕೂಡಲಾರದೆ ಗೋಡೆ ಹಿಡಿದು ನಿಂತೆ. ಇಬ್ಬರೂ ಹೆಚ್ಚು ಊಟ ಮಾಡಲಿಲ್ಲ.

ಚರ್ಚಿನ ಹಜಾರ

ಸವಿತಾ ತನ್ನ ವಿಷಯ ಚೆನ್ನಾಗಿ ಹೇಳಿದಳು. ನಳದ ನೀರು, ಕೊಡ, ರೊಟ್ಟಿ ಬಡಿಯುವ ಕೊಣಮಿಗೆ, ಅರಿವೆ ಒಗೆಯುವ ಕಲ್ಲು ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳುವುದು ವಿಚಿತ್ರವಾಗಿತ್ತು. ನಮ್ಮ ಅಡಿಗೆಮನೆಯನ್ನು ಯಾರೋ ಎತ್ತಿ ತಂದು ಆ ಹಜಾರದಲ್ಲಿ ಇಟ್ಟ ಹಾಗೆ. ಸಮಿತಿಯವರು ಗಮನವಿಟ್ಟು ಕೇಳಿದರು. ಹೆಲೆನ್ ಚಾಪೆಯ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಪಕ್ಕದ ಕಟ್ಟಿಗೆಯ ಕುರ್ಚಿಯಲ್ಲಿದ್ದೆ. ಮೊದಲು ಎಡಕ್ಕೆ ಒರಗಿದೆ, ಆಮೇಲೆ ಬಲಕ್ಕೆ. ಪಟ್ಟಿಯನ್ನು ಇನ್ನೊಂದು ಬೆರಳು ಬಿಗಿ ಮಾಡಿದೆ. ಉಸಿರು ಹಿಡಿದರೆ ನೋವು ತುಸು ಕಡಿಮೆ, ಆದರೆ ಎಷ್ಟು ಹೊತ್ತು ಹಿಡಿಯುವುದು?

ಸವಿತಾಳ ಮಾತು ಮುಗಿಯಿತು. ಹೆಲೆನ್ ಕಣ್ಣು ತೆರೆದು ನನ್ನ ಕಡೆ ತಲೆ ಹೊರಳಿಸಿದಳು. "ನಿನ್ನೆ ನೀವು ನೋವಿಲ್ಲ ಎಂದಿರಿ. ಇವತ್ತು ಹೇಗಿದೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹುಟ್ಟಿದಾಗಿನಿಂದ ಕೊಟ್ಟ ಉತ್ತರ ಅದೊಂದೇ. ಸವಿತಾ ನನ್ನ ಕಡೆ ನೋಡಲಿಲ್ಲ, ಬೇಕೆಂದೇ ಎದುರಿನ ಗೋಡೆಯನ್ನು ನೋಡುತ್ತಿದ್ದಳು. ನಾನು ಏನಾದರೂ ಹೇಳಲು ಎದ್ದೆ. ಎದ್ದರೆ ಕಾಲು ನಿಲ್ಲಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡೆ. ನನಗೆ ಮಾತಿಗಿಂತ ಮೊದಲು ಆ ಚಾಪೆ ಬೇಕಾಗಿತ್ತು.

ನಾನೂ ಅಲ್ಲಿ ಮಲಗಬಹುದೇ ಎಂದು ಹೆಲೆನ್‌ಳನ್ನು ಕೇಳಿದೆ. ಅವಳು ಗೋಡೆಯ ಹಲಗೆಯ ಕಡೆ ಬೆರಳು ತೋರಿಸಿದಳು, ಆಮೇಲೆ ಮೆಲ್ಲಗೆ ಸರಿದು ಜಾಗ ಮಾಡಿದಳು.

ಇಳಕಲ್ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಪರದೇಶದ ಗಂಡಸರ ಮುಂದೆ ನಾನು ನೆಲದ ಮೇಲೆ ಮಲಗಿದೆ. ಮೊಣಕಾಲು ಮಡಿಚಿ, ಪಾದ ಊರಿ, ಸವಿತಾ ಕಲಿಸಿದ ಹಾಗೆ. ಬೆನ್ನು ನೆಲಕ್ಕೆ ತಾಗಿದ್ದೇ ಒಳಗೆ ಬಿಗಿದಿದ್ದ ಹಗ್ಗ ಸಡಿಲಾಯಿತು. ಬಾಯಿಂದ ಒಂದು ದೊಡ್ಡ ಉಸಿರು ತಾನಾಗಿಯೇ ಬಂತು. ನಮ್ಮ ತಾಯಿಯ ಮುಂದೆ ಬಿಟ್ಟರೆ ಬೇರೆ ಯಾರ ಮುಂದೆಯೂ ಹಾಗೆ ಉಸಿರು ಬಿಟ್ಟವಳಲ್ಲ ನಾನು. ಮೇಲೆ ಕಪ್ಪು ತೊಲೆಗಳು ಕಾಣುತ್ತಿದ್ದವು.

"ನಿನ್ನೆಯೂ ಇಷ್ಟೇ ನೋಯುತ್ತಿತ್ತು," ಎಂದೆ, ತೊಲೆ ನೋಡುತ್ತ, ನನಗೆ ಬಂದ ಇಂಗ್ಲಿಷಿನಲ್ಲಿ.

ಯಾರೂ ನಗಲಿಲ್ಲ. ಹಾಗಾದರೆ ನಿನ್ನೆ ಏಕೆ ಹಾಗೆ ಹೇಳಿದಿರಿ ಎಂದು ಯಾರೋ ಮೆತ್ತಗೆ ಕೇಳಿದರು. ನಮ್ಮಲ್ಲಿ ಹೇಗಿದ್ದೀರಿ ಎಂದು ಕೇಳಿದವರಿಗೆ ಮೈಯ ಸುದ್ದಿ ಹೇಳುವುದಿಲ್ಲ, ಅವರ ಮೇಲೆ ಭಾರ ಹಾಕಬಾರದು ಎಂದು ಆರಾಮ ಎನ್ನುತ್ತೇವೆ ಎಂದೆ. ಗಂಡನಿಗೂ ಹಾಗೆಯೇ, ಡಾಕ್ಟರಿಗೂ ಹಾಗೆಯೇ. ರೊಟ್ಟಿ ಹೇಗೆ ಬಡಿದೆ ಎಂದು ಕೇಳಿದರೆ ಮಾತ್ರ ಹೇಳುತ್ತೇವೆ, ಏಕೆಂದರೆ ಅದು ರೊಟ್ಟಿಯ ಮಾತು. ಪಕ್ಕದಲ್ಲಿ ಹೆಲೆನ್‌ಳ ಹೊಟ್ಟೆ ಅಲುಗಿತು. ಅವಳು ಸದ್ದಿಲ್ಲದೆ ನಗುತ್ತಿದ್ದಳು. ತನ್ನ ತಾಯಿಯೂ ಹೀಗೆಯೇ, ಸಾಯುವ ಹಿಂದಿನ ದಿನವೂ ದೂರೇನಿಲ್ಲ ಎಂದಿದ್ದಳು ಎಂದಳು.

ಅಷ್ಟಕ್ಕೆ ಗೆದ್ದೆವು ಎಂದುಕೊಂಡರೆ ತಪ್ಪು. ಬಿಳಿ ಗಡ್ಡದ ಒಬ್ಬ ಪ್ರೊಫೆಸರು ಸವಿತಾಳನ್ನು ಹಿಡಿದುಕೊಂಡರು. ನೋವನ್ನು ಮುಚ್ಚಿಡುವವರು ಕೆಲಸವನ್ನು ಮಾತ್ರ ಏಕೆ ಮುಚ್ಚಿಡುವುದಿಲ್ಲ? ನಿಂತು ಬಡಿದವಳು ಹೆಮ್ಮೆಗೆ ಕೂತು ಬಡಿದೆ ಎಂದರೆ? ಸೊಸೆಯ ಮೇಲಿನ ಸಿಟ್ಟಿಗೆ ಅಂಗಡಿಯಿಂದ ತರಿಸಿದೆ ಎಂದರೆ? ನಿಮ್ಮ ಅಳತೆಗೆ ಆಧಾರವೇನು?

ಮಲಗಿದವಳಿಗೆ ಸವಿತಾಳ ಮುಖ ಕಾಣುತ್ತಿರಲಿಲ್ಲ. ಮೇಜಿನ ಕೆಳಗೆ ಅವಳ ಚಪ್ಪಲಿಯಷ್ಟೇ ಕಾಣುತ್ತಿತ್ತು. ಕಾಲಿನ ಬೆರಳುಗಳು ಒಳಗೆ ಮುದುಡಿದವು. ಏನಾದರೂ ಹೇಳವಾ, ದೊಡ್ಡ ಇಂಗ್ಲಿಷಿನಲ್ಲಿ ಏನಾದರೂ ಹೇಳು ಎಂದು ನಾನು ಮನಸ್ಸಿನಲ್ಲೇ ಒತ್ತಾಯ ಮಾಡುತ್ತಿದ್ದೆ. ಆಮೇಲೆ ಆ ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡವು.

"ಗೊತ್ತಿಲ್ಲ," ಎಂದಳು ಸವಿತಾ. "ನನ್ನ ಓಪಿಡಿಯಲ್ಲಿ ಅದು ಸರಿ ಹೊಂದುತ್ತದೆ ಎನಿಸುತ್ತದೆ. ಅನಿಸಿಕೆ ಸಾಲದು. ಅದನ್ನು ತಿಳಿಯಲಿಕ್ಕೇ ನಿಮ್ಮ ಹಣ ಕೇಳುತ್ತಿದ್ದೇನೆ. ಅಳತೆ ತಪ್ಪು ಎಂದು ಗೊತ್ತಾದರೆ ಅದನ್ನೂ ಬಂದು ಹೇಳುತ್ತೇನೆ."

ಪ್ರೊಫೆಸರು ತಮ್ಮ ಹಾಳೆಯ ಮೇಲೆ ಏನೋ ಬರೆದುಕೊಂಡರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯಲಿಲ್ಲ. ನಮ್ಮ ಕಡೆ ಮೌಖಿಕ ಪರೀಕ್ಷೆಯಲ್ಲಿ ಗೊತ್ತಿಲ್ಲ ಎಂದರೆ ಮನೆಗೆ ಕಳಿಸುತ್ತಾರೆ.

ಅದೇ ದಿನ ಸಂಜೆ

ತೀರ್ಮಾನವನ್ನು ಅಂಚೆಯಲ್ಲಿ ಕಳಿಸುವ ಪದ್ಧತಿ ಅವರಲ್ಲಿಲ್ಲ. ಬಂದವರನ್ನು ಅದೇ ಹಜಾರದ ಮೂಲೆಗೆ ಒಬ್ಬೊಬ್ಬರನ್ನಾಗಿ ಕರೆದು, ಮುಖ ನೋಡಿ ಹೇಳುತ್ತಾರೆ. ನಮಗಿಂತ ಮೊದಲು ಕರೆದದ್ದು ಒಬ್ಬ ಎತ್ತರದ ಹುಡುಗನನ್ನು. ಕಾಲು ಕಡಿದ ಮೇಲೂ ಇಲ್ಲದ ಕಾಲಿನಲ್ಲಿ ನೋವು ಬರುತ್ತದಲ್ಲ, ಅದರ ಮೇಲೆ ಅವನ ಕೆಲಸ. ಅವನಿಗೆ ಸಿಗಲಿಲ್ಲ. ಹೆಲೆನ್ ಕೋಲೂರಿ ಅವನ ಪಕ್ಕಕ್ಕೆ ಹೋಗಿ, ಬಹಳ ಹೊತ್ತು ಕೂತು, ಯಾವುದು ಸಾಲಲಿಲ್ಲ, ಏನು ತಿದ್ದಬೇಕು, ಮತ್ತೆ ಯಾವಾಗ ಬರಬೇಕು ಎಂದು ಹೇಳಿದಳು. ಅವಳಿಗೆ ಕೂಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಸಿಕ್ಕವರ ಸುದ್ದಿಯನ್ನು ಮಲಗಿಕೊಂಡೇ ಹೇಳಿದಳು, ಸಿಗದವನ ಹತ್ತಿರ ಮಾತ್ರ ಎದ್ದು ಹೋದಳು. ಆ ಊರಿನಲ್ಲಿ ನಾನು ಕಂಡದ್ದರಲ್ಲಿ ಇದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಸವಿತಾಳಿಗೆ ಮಲಗಿಕೊಂಡೇ ಹೇಳಿದಳು. ಅಷ್ಟರಲ್ಲೇ ನನಗೆ ತಿಳಿದುಹೋಯಿತು. ಹಣ ಸಿಕ್ಕಿತು, ಆದರೆ ಕೇಳಿದಷ್ಟು ಕಾಲಕ್ಕೆ ಅಲ್ಲ, ಮೊದಲು ಒಂದು ವರ್ಷಕ್ಕೆ. ಆ ವರ್ಷದಲ್ಲಿ ಪ್ರೊಫೆಸರ ಪ್ರಶ್ನೆಗೆ ಉತ್ತರ ತರಬೇಕು, ಹೌದು ಎಂದಾದರೂ ಸರಿ, ಅಲ್ಲ ಎಂದಾದರೂ ಸರಿ. ತಂದರೆ ಮುಂದಿನದು. ಸವಿತಾ ಇಂಗ್ಲಿಷ್ ಮರೆತು "ಖರೇನ?" ಎಂದಳು. ಹೆಲೆನ್‌ಳಿಗೆ ಅದು ಹೇಗೆ ತಿಳಿಯಿತೋ, ಹೌದು ಎಂದು ತಲೆಯಾಡಿಸಿದಳು.

ಸುದ್ದಿ ಹೇಳಲು ಯಾರೂ ಇರಲಿಲ್ಲ. ಇಲ್ಲಿ ಸಂಜೆಯಾದರೆ ಹುಬ್ಬಳ್ಳಿಯಲ್ಲಿ ನಡುರಾತ್ರಿ. ನಮ್ಮ ಮನೆಯವರಿಗೆ ಫೋನು ಮಾಡಿದರೆ ಹೆದರುತ್ತಾರೆ, ಆಸ್ಪತ್ರೆಯವರಿಗೆ ಮಾಡಿದರೆ ಎತ್ತುವುದಿಲ್ಲ. ಸಲೈನ್ ಪೆಟ್ಟಿಗೆಗಳಿಗೆ ಬೇರೆ ಜಾಗ ನೋಡಿಕೊಳ್ರಿ ಎಂದು ಹೇಳಲು ಬೆಳಗಿನವರೆಗೆ ಕಾಯಬೇಕು. ದಾರಿಯುದ್ದಕ್ಕೂ ಸವಿತಾ ಹುರುಪಿನಲ್ಲಿ ಮಾತಾಡಿದಳು. ಯಾವ ಯಾವ ಓಣಿಗೆ ಹೋಗಬೇಕು, ರೊಟ್ಟಿ ಬಡಿಯುವ ಹೊತ್ತಿಗೇ ಹೋಗಬೇಕು, ಕೇಳುವುದಕ್ಕಿಂತ ಪಕ್ಕದಲ್ಲಿ ಕೂತು ನೋಡಬೇಕು ಎಂದು. ಮೊದಲು ನಮ್ಮ ಮನೆಗೇ ಬಾ ಎಂದೆ. "ನಿಮ್ಮನ್ಯಾಗ ಬಡಿಯೂದು ಗಿರಿಜವ್ವನ ಮಗಳು ಅಂತ ನನಗ ಗೊತ್ತೈತಿ ಬಿಡ್ರಿ," ಎಂದಳು.

ಮಾರ್ಗರೆಟ್ ಬಾಗಿಲು ತೆಗೆದಳು. ನಮ್ಮ ಮುಖ ನೋಡಿ ಅವಳೇ ಮೊದಲು ಶುಭಾಶಯ ಹೇಳಿದಳು. ಆಮೇಲೆ ನಿಮ್ಮ ಸೊಂಟ ಹೇಗಿದೆ ಎಂದು ನನ್ನನ್ನು ಕೇಳಿದಳು.

ನೋಯುತ್ತಿದೆ ಎಂದೆ.

ಅಯ್ಯೋ ಎನ್ನಲಿಲ್ಲ ಅವಳು, ಮುಖ ಸಣ್ಣದು ಮಾಡಲಿಲ್ಲ. ಮಹಡಿಗೆ ಹೋಗಿ ದಪ್ಪನೆಯ ರಜಾಯಿಯೊಂದನ್ನು ಮಂಚದ ಪಕ್ಕ ನೆಲಕ್ಕೆ ಹಾಸಿ, ಮೊಣಕಾಲ ಕೆಳಗೆ ಇಟ್ಟುಕೊಳ್ಳಲು ಎರಡು ದಿಂಬು ಇಟ್ಟು ಬಂದಳು. ಮಾಂಸ ಹಾಕಿಲ್ಲ ಎಂದು ಎರಡೆರಡು ಸಲ ಹೇಳಿ ಆಲೂಗಡ್ಡೆಯ ಬಿಸಿ ಸೂಪು ತಂದಳು. ಖಡಕ್ ರೊಟ್ಟಿ ಮುರಿದು ಅದರಲ್ಲಿ ಹಾಕಿ, ಮೇಲೆ ಶೇಂಗಾ ಚಟ್ನಿ ಉದುರಿಸಿ ಮೂವರೂ ಉಂಡೆವು. ಮಾರ್ಗರೆಟ್ ಮಾತ್ರ ರೊಟ್ಟಿಯನ್ನು ನೆನೆಸದೆ ಕಟಕಟ ಕಡಿದು ತಿಂದು, ಇನ್ನೊಂದು ಕೇಳಿ ತೆಗೆದುಕೊಂಡಳು.

ಹೊರಗೆ ಇನ್ನೂ ಬಿಸಿಲಿತ್ತು. ಆ ದೇಶದಲ್ಲಿ ಬೇಸಿಗೆಯ ಸೂರ್ಯನಿಗೆ ಮನೆಗೆ ಹೋಗುವ ಅವಸರವಿಲ್ಲ. ಸವಿತಾ ಚಮಚ ಕೈಯಲ್ಲಿರುವಂತೆಯೇ ಏನೋ ಹೇಳಲು ಬಾಯಿ ತೆರೆದು, ಗೋಡೆಗೆ ಒರಗಿ, ಕಣ್ಣಿಗೆ ಚಾಳೀಸು ಹಾಕಿಕೊಂಡೇ ನಿದ್ದೆ ಹೋದಳು. ಚಾಳೀಸು ತೆಗೆದಿಟ್ಟು, ಕಾಲು ನೀಡಿಸಿ, ಪರದೆ ಎಳೆದೆ. ಆಮೇಲೆ ನಾನು ನೆಲದ ಮೇಲೆ ಮಲಗಿದೆ.